ನೂರಮೂವತ್ತೇಳೂವರೆ ಡಿಗ್ರಿ

ಕಳೆದ ಜನವರಿಯಲ್ಲಿ, ಸಂಕ್ರಾಂತಿ ಮುಗಿದ ಮರುವಾರ, ಗದಗದ ಸಮೀಪದ ನಮ್ಮ ಹೊಲದಲ್ಲಿ ಸೂರ್ಯಕಾಂತಿ ಕೊಯ್ಲಿಗೆ ಬಂದಿದ್ದಾಗ, ದೊಡ್ಡದೊಂದು ತೆನೆಯನ್ನು ಕೊಯ್ದು ಮನೆಗೆ ತಂದೆ. ಅದರ ಚಿತ್ರ ಬರೆಯುವುದು ನನ್ನ ಉದ್ದೇಶವಾಗಿತ್ತಾದರೂ ಎಸಳು, ಎಲೆ, ದೇಟು ಯಾವುದೂ ನನಗೆ ಬೇಕಿರಲಿಲ್ಲ. ಡಚ್ ಕಲಾವಿದ ಪೀಟ್ ಮಾಂಡ್ರಿಯಾನ್ 1911ರ ಸುಮಾರಿಗೆ ಮರವನ್ನು ಬರೆಯುತ್ತಲೇ ಎಲೆ, ತೊಗಟೆಗಳನ್ನು ಕಳೆದು, ಬಾಗಿದ ಗೆರೆಗಳನ್ನಷ್ಟೇ ಉಳಿಸಿಕೊಂಡಂತೆ, ನನ್ನ ಹಾಳೆಯ ಮೇಲೆ ಕಾಳುಗಳ ಜೋಡಣೆಯೊಂದೇ ಉಳಿಯಲಿ ಎಂಬುದು ನನ್ನ ಆಸೆ.

ಮೊದಲು ಕಾಳುಗಳ ಸಾಲುಗಳು ಮಾಡಿದ ಸುರುಳಿಗಳನ್ನು ಎಣಿಸಲು ಕುಳಿತೆ. ಎಲ್ಲಿಂದ ಆರಂಭಿಸಿದೆನೆಂಬುದು ಮರೆತು ಒಮ್ಮೆ 53 ಬಂತು. ಆರಂಭದ ಸುರುಳಿಗೆ ಗುಂಡುಸೂಜಿ ಚುಚ್ಚಿಟ್ಟು ಮತ್ತೆ ಎಣಿಸಿದಾಗ ಬಲಕ್ಕೆ ಬಾಗಿದವು 55, ಎಡಕ್ಕೆ ಬಾಗಿದವು 34 ಎಂದು ಖಚಿತವಾಯಿತು. ಇಟಲಿಯ ಗಣಿತಜ್ಞ ಫಿಬೊನಾಚಿಯ ಹೆಸರಿನಲ್ಲಿ ಪ್ರಸಿದ್ಧವಾದ, ಪ್ರತಿ ಸಂಖ್ಯೆಯೂ ಹಿಂದಿನ ಎರಡರ ಮೊತ್ತವಾಗಿರುವ ಸರಣಿಯ ಸಂಖ್ಯೆಗಳಿವು. ಆತ 1202ರಲ್ಲಿ ಅವನ್ನು ಬರೆಯುವ ಮೊದಲೇ ನಮ್ಮ ಛಂದಸ್ಸಿನ ವಿದ್ವಾಂಸರಾದ ವಿರಹಾಂಕ, ಹೇಮಚಂದ್ರರು ಲಘು ಗುರುಗಳನ್ನು ಜೋಡಿಸುತ್ತ ಇದೇ ಲೆಕ್ಕಕ್ಕೆ ಬಂದಿದ್ದರು. ಒಂದು ಮಾತ್ರೆಯ ಲಘು ಮತ್ತು ಎರಡು ಮಾತ್ರೆಯ ಗುರುಗಳಿಂದ ನಾಲ್ಕು ಮಾತ್ರೆಗಳನ್ನು 5 ರೀತಿಯಲ್ಲಿ, ಐದನ್ನು 8 ರೀತಿಯಲ್ಲಿ ತುಂಬಬಹುದು. ಹೀಗೆಯೇ ಮುಂದುವರಿದರೆ ಎಂಟು ಮಾತ್ರೆಗಳಿಗೆ 34, ಒಂಬತ್ತಕ್ಕೆ 55. ಶಾಲೆಯಲ್ಲಿ ಪ್ರಸ್ತಾರ ಹಾಕಿ ಗಣ ವಿಂಗಡಿಸುವಾಗ ಬೇಸರಪಟ್ಟುಕೊಂಡಿದ್ದ ನನಗೆ ಆ ಅಂಕಿಗಳು ಎರೆಹೊಲದ ತೆನೆಯಲ್ಲಿ ಎದುರಾಗಬೇಕೇ!

ಚಿತ್ರ ಬರೆಯಲು, ಸೂರ್ಯಕಾಂತಿಯ ಕಾಳುಗಳ ಜೋಡಣೆಗೆ ಹೆಲ್ಮುಟ್ ಫೋಗೆಲ್ ಎಂಬಾತ 1979ರಲ್ಲಿ ಸೂಚಿಸಿದ ಸೂತ್ರವನ್ನು ನಾನು ಆರಿಸಿಕೊಂಡೆ. ಅದರಲ್ಲಿ ಸುರುಳಿಯ ಮಾತೇ ಇಲ್ಲ. ಪ್ರತಿ ಹೊಸ ಚುಕ್ಕಿಯನ್ನೂ ಹಿಂದಿನದರಿಂದ ಸುಮಾರು 137.5 ಡಿಗ್ರಿ ತಿರುಗಿಸಿ ಇಡಬೇಕು, ಮತ್ತು ಕೇಂದ್ರದಿಂದ ಅದರ ದೂರವು ಅದರ ಕ್ರಮಸಂಖ್ಯೆಯ ವರ್ಗಮೂಲಕ್ಕೆ ಅನುಗುಣವಾಗಿರಬೇಕು, ಅಷ್ಟೆ. ನಾನು 7 ಮಿಲಿಮೀಟರನ್ನು ಅಳತೆಯಾಗಿ ಹಿಡಿದದ್ದರಿಂದ ನಾಲ್ಕನೆಯ ಚುಕ್ಕಿ 14 ಮಿಲಿಮೀಟರ್ ದೂರಕ್ಕೂ ನೂರನೆಯದು 70 ಮಿಲಿಮೀಟರ್ ದೂರಕ್ಕೂ ಬಂದವು. ವರ್ಗಮೂಲದ ಈ ಲೆಕ್ಕದಿಂದಾಗಿ ಒಳಗಿನ ಕಾಳಿಗೂ ಅಂಚಿನ ಕಾಳಿಗೂ ಸಮನಾದ ಜಾಗ ಸಿಗುತ್ತದೆ.

ನನ್ನ ಕೋನಮಾಪಕದಲ್ಲಿ ಇಡೀ ಡಿಗ್ರಿಗಳ ಗೆರೆಗಳು ಮಾತ್ರ ಇದ್ದವು. ಅರ್ಧ ಡಿಗ್ರಿಯಿಂದ ಆಗುವುದಾದರೂ ಏನು ಎಂದುಕೊಂಡು, ಸೋಮಾರಿತನದಿಂದ 137 ಎಂದೇ ಹಿಡಿದು, ಬೆಳಗಿನ ಚಹಾ ಕುಡಿದವನು ಪಡಸಾಲೆಯಲ್ಲಿ ಹಾಳೆ ಹಾಸಿ ಕುಳಿತೆ. ತೊಂಬತ್ತು ಚುಕ್ಕಿ ದಾಟುವ ಹೊತ್ತಿಗೆ ಅನುಮಾನ ಮೂಡಿತು, ಇನ್ನೂರಕ್ಕೆ ಸಂಶಯವೇ ಉಳಿಯಲಿಲ್ಲ. ಚುಕ್ಕಿಗಳೆಲ್ಲ 21 ಸಾಲುಗಳಲ್ಲಿ ಒತ್ತೊತ್ತಾಗಿ ಸೇರಿಕೊಂಡಿದ್ದವು, ಸಾಲುಗಳ ನಡುವೆ ಬಿಳಿಯ ಖಾಲಿ ಪಟ್ಟಿಗಳು ಅಂಚಿನ ಕಡೆಗೆ ಅಗಲವಾಗುತ್ತ ಹೋಗಿದ್ದವು. ಜಾತ್ರೆಯ ಗಿರಿಗಿಟ್ಲೆಯಂತೆ ನೋಡಲು ಚೆನ್ನಾಗಿಯೇ ಇತ್ತು, ಆದರೆ ಕಾಳುಗಳನ್ನು ಹೀಗೆ ಹಾಳು ಮಾಡುವ ಸೂರ್ಯಕಾಂತಿ ನಮ್ಮ ಸೀಮೆಯಲ್ಲಿ ಬೆಳೆಯುವುದಿಲ್ಲ. ಹಾಳೆಯ ಹಿಂಬದಿಯಲ್ಲಿ ಲೆಕ್ಕ ಹಾಕಿದಾಗ ಕಾರಣ ಸಿಕ್ಕಿತು: 137ನ್ನು 21ರಿಂದ ಗುಣಿಸಿದರೆ 2877, ಅಂದರೆ ಎಂಟು ಪೂರ್ಣ ಸುತ್ತಿಗೆ ಮೂರೇ ಡಿಗ್ರಿ ಕಡಿಮೆ; ಆದ್ದರಿಂದ ಪ್ರತಿ ಇಪ್ಪತ್ತೊಂದನೆಯ ಚುಕ್ಕಿಯೂ ಹಳೆಯ ಚುಕ್ಕಿಯ ಬೆನ್ನಿಗೇ ಬಂದು ನಿಲ್ಲುತ್ತಿತ್ತು.

ಅವ್ವ ಪ್ರತಿದಿನ ಅಂಗಳದಲ್ಲಿ ಚುಕ್ಕಿ ರಂಗೋಲಿ ಹಾಕುವವಳು. ಎರಡು ಬಾರಿ ಬಂದು ಬಗ್ಗಿ ನೋಡಿದವಳು ಕೊನೆಗೆ ಕೇಳಿದಳು: “ಚುಕ್ಕಿ ಇಟ್ಟಿದ್ದ ಇಟ್ಟಿದ್ದು, ಎಳಿ ಯಾವಾಗ ಎಳೀತಿ?”

ಊಟವಾದ ಮೇಲೆ ಹೊಸ ಹಾಳೆ ತೆಗೆದೆ. ಈ ಬಾರಿ ಸಮಸಂಖ್ಯೆಯ ಚುಕ್ಕಿಗಳು ಇಡೀ ಡಿಗ್ರಿಗೇ ಬೀಳುತ್ತಿದ್ದುದರಿಂದ, ಬೆಸಸಂಖ್ಯೆಯವುಗಳಿಗೆ ಮಾತ್ರ ಎರಡು ಗೆರೆಗಳ ನಡುವಿನ ಅರ್ಧವನ್ನು ಕಣ್ಣಳತೆಯಲ್ಲಿ ಹಿಡಿಯಬೇಕಾಯಿತು. ಪ್ರತಿ ಚುಕ್ಕಿಯ ಸುತ್ತ ಕೈವಾರದಿಂದ 10 ಮಿಲಿಮೀಟರ್ ಅಗಲದ ವೃತ್ತ ಎಳೆದು, ಒಳಗಿನವಕ್ಕೆ ಕಂದು, ಹೊರಗಿನವಕ್ಕೆ ಹಳದಿ ತುಂಬುತ್ತ ಹೋದೆ. ನಾನು ಎಲ್ಲಿಯೂ ಒಂದು ಸುರುಳಿಯನ್ನೂ ಎಳೆಯಲಿಲ್ಲ. ಮುಂದಿನ ಚುಕ್ಕಿ ಎಲ್ಲಿ ಎಂಬುದರ ಹೊರತು ಬೇರೇನನ್ನೂ ಯೋಚಿಸಲಿಲ್ಲ. ಗಿಡಕ್ಕೂ ಅಷ್ಟೇ ಸಾಕು, ಬೆಳೆಯುವ ತುದಿಯಲ್ಲಿ ಹೊಸ ಕುಡಿ ಮೊದಲಿನವು ಬಿಟ್ಟುಕೊಟ್ಟ ಜಾಗದಲ್ಲಿ ಮೂಡುತ್ತದೆ. ಆದರೂ ದೀಪ ಹಚ್ಚುವ ಹೊತ್ತಿಗೆ ಇನ್ನೂರೈವತ್ತು ವೃತ್ತಗಳು ಮುಗಿದಾಗ, ಎರಡೂ ದಿಕ್ಕಿಗೆ ತಿರುಗುವ ಸುರುಳಿಗಳು ಹಾಳೆಯ ತುಂಬ ಎದ್ದು ಕಾಣುತ್ತಿದ್ದವು.

ಅವ್ವ ಕನ್ನಡಕ ಹಾಕಿಕೊಂಡು ಹಾಳೆಯ ಪಕ್ಕ ಕುಳಿತಳು. ಒಂದು ಸುರುಳಿಯ ಮೇಲೆ ಬೆರಳಾಡಿಸಿ, “ಇದಕ್ಕ ಎಳಿ ಬ್ಯಾಡ ಬಿಡು, ತಾನ ಕಾಣ್ತೈತಿ” ಎಂದಳು. ಬಳಿಕ ಎಣಿಸಲು ಹೊರಟು ನಡುವೆಯೇ ತಪ್ಪಿದಳು. ಎದ್ದು ಹೋಗಿ ಅಡುಗೆಮನೆಯಿಂದ ಒಂದು ಕಡಲೆಕಾಳು ತಂದು, ಆರಂಭದ ಸುರುಳಿಯ ತುದಿಗೆ ಇಟ್ಟು, ಮತ್ತೆ ಒಂದರಿಂದ ಶುರುಮಾಡಿದಳು.