ಕರ್ಮಳಿ ಕೆರೆಯ ಗುಳುಮುಳುಕ ನೋಡಲು ಟ್ಯಾಕ್ಸಿ ಬೇಡ

ಗುಳುಮುಳುಕ ಅನ್ನುವ ಪುಟ್ಟ ನೀರುಹಕ್ಕಿ ನೋಡಲು ಗೋವಾದ ಕರ್ಮಳಿ ಕೆರೆಗೆ ಹೋಗುವವರು ದಯವಿಟ್ಟು ಟ್ಯಾಕ್ಸಿ ಹತ್ತಬೇಡಿ. ನಾವು ಅಕ್ಟೋಬರ್ ಕೊನೆಯಲ್ಲಿ ಹುಬ್ಬಳ್ಳಿಯಿಂದ ಹೋಗಿದ್ದೆವು. ಮಡಗಾಂವ್‌ನಲ್ಲಿ ರೈಲು ಬದಲಿಸಿ ಕರ್ಮಳಿಯಲ್ಲಿ ಇಳಿದೆವು. ಕೆರೆ ತುಂಬಾ ದೂರ ಅಂತ ಟ್ಯಾಕ್ಸಿಯವನು ಹಳೇ ಗೋವಾ (ಓಲ್ಡ್ ಗೋವಾ) ಊರೆಲ್ಲ ಸುತ್ತಿಸಿ 600 ರೂಪಾಯಿ ಕಿತ್ತುಕೊಂಡ. ಇಳಿದು ನೋಡಿದರೆ ನಾವು ಬಂದ ರೈಲು ಹಳಿ ಅಲ್ಲೇ ಕಾಣುತ್ತಿತ್ತು! ಕೆರೆ ಇರುವುದೇ ಸ್ಟೇಷನ್ ಪಕ್ಕ. ನಡೆದೇ ಹೋಗಬಹುದು.

ಬೆಳಿಗ್ಗೆ ಬೇಗ ಹೋಗಿ. ಹತ್ತು ಗಂಟೆ ಮೇಲೆ ಜನ ಬರುತ್ತಾರೆ, ಮಾತು ಜಾಸ್ತಿ. ನನಗಂತೂ ಆಗುವುದಿಲ್ಲ. ನಮ್ಮ ಪಕ್ಕದವರು ಹಕ್ಕಿಯನ್ನು ಬಾತುಕೋಳಿ ಮರಿ ಅಂದುಕೊಂಡು ಹೊರಟೇಬಿಟ್ಟರು. ಬಾಲವೇ ಇಲ್ಲದಂತೆ ಮೊಂಡು ಹಿಂಭಾಗ, ಚೂಪು ಕೊಕ್ಕು, ಬಾಯಿಯ ಮೂಲೆಯಲ್ಲಿ ಹಳದಿ ಚುಕ್ಕೆ ಕಂಡರೆ ಅದು ಗುಳುಮುಳುಕ. ಮರಿ ಮಾಡುವ ಕಾಲದಲ್ಲಿ ಕತ್ತು ಇಟ್ಟಿಗೆ ಕೆಂಪು. ಇಡೀ ಹಕ್ಕಿ ಗೇಣಿಗಿಂತ ಸ್ವಲ್ಪ ಉದ್ದ, ಅಷ್ಟೇ.

ಸುಮ್ನೆ ಕೂತು ನೋಡಿ. ಒಂದು ಹಕ್ಕಿ ಸದ್ದೇ ಇಲ್ಲದೆ ಮುಳುಗಿತು. ನೀರಿನ ಮೇಲೆ ಒಂದು ಬಳೆ ಉಳಿಯಿತು. 14 ಎಣಿಸುವಷ್ಟರಲ್ಲಿ ಬೇರೆಲ್ಲೋ ಎದ್ದಿತು. ಕೊಕ್ಕಿನಲ್ಲಿ ಬೆರಳುಗಾತ್ರದ ಮೀನು. ಬೆನ್ನ ಗರಿಯೊಳಗಿಂದ ಪಟ್ಟೆಪಟ್ಟೆ ತಲೆಯ ಮರಿಯೊಂದು ಇಣುಕಿತು! ಮರಿಗಳು ಮೊದಲ ದಿನಗಳಲ್ಲಿ ಅಪ್ಪ ಅಮ್ಮನ ಬೆನ್ನೇರಿಯೇ ತಿರುಗುತ್ತವೆ. ಇದರ ಬೆರಳುಗಳ ನಡುವೆ ಬಾತಿನ ಹಾಗೆ ಪೊರೆ ಇಲ್ಲ. ಒಂದೊಂದು ಬೆರಳಿಗೂ ಎಲೆಯಂಥ ಅಂಚು. ಕಾಲು ತೀರಾ ಹಿಂದಿರುವುದರಿಂದ ಈಜಿಗೆ ಬಲು ಚುರುಕು, ನೆಲದ ಮೇಲೆ ನಡೆಯಲು ಕಷ್ಟ. ಗೂಡು ಜೊಂಡಿಗೆ ಸಿಕ್ಕಿಸಿದ ತೇಲುವ ಕಳೆಯ ಗುಪ್ಪೆ. ಎದ್ದು ಹೋಗುವಾಗ ಮೊಟ್ಟೆಯ ಮೇಲೆ ಹಸಿ ಕಳೆ ಹೊದಿಸುತ್ತದೆ. ಅದರ ಕಲೆ ಹತ್ತಿ ಬಿಳಿ ಮೊಟ್ಟೆ ಕಂದಾಗುತ್ತದೆ. ಕಳೆಯ ನಡುವೆ ಗೂಡು ಕಣ್ಣಿಗೆ ಬೀಳುವುದಿಲ್ಲ, ಅದಕ್ಕೇ ಹೇಳುವುದು, ಫೋಟೊಗಾಗಿ ಜೊಂಡಿನೊಳಗೆ ಇಳಿಯಬೇಡಿ.

ಊಟಕ್ಕೆ ಹಳೇ ಗೋವಾದಲ್ಲಿ ಬಸ್ ನಿಲ್ಲುವ ಕಡೆ ಒಂದು ತಗಡಿನ ಶೆಡ್ ಇದೆ. ಬಾಗಲಕೋಟೆ ಕಡೆಯ ಅಕ್ಕ ನಡೆಸುತ್ತಾರೆ. ಎರಡು ಬಿಸಿ ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ, ಮೇಲೊಂದು ಚಮಚ ಗಟ್ಟಿ ಮೊಸರು, 70 ರೂಪಾಯಿ. ರೊಟ್ಟಿ ಎಷ್ಟು ತೆಳುವಾಗಿತ್ತೆಂದರೆ ಬೆರಳ ಗುರುತು ಕಾಣುತ್ತಿತ್ತು. ಕೇಳದೆಯೇ "ಇನ್ನೊಂದು ಹಾಕ್ತೀನಿ, ಉಣ್ಣು ತಮ್ಮಾ" ಅಂತ ತಟ್ಟೆಗೆ ಹಾಕಿದರು, ಅದಕ್ಕೆ ದುಡ್ಡು ತಗೊಳ್ಳಲಿಲ್ಲ. ಮೊಬೈಲಿನಲ್ಲಿ ಹಕ್ಕಿ ತೋರಿಸಿದೆ. "ಇದು ನಮ್ಮೂರ ಕೆರ್ಯಾಗೂ ಐತಿ, ಕಲ್ಲು ಒಗದ್ರ ಮುಳಗ್ತಿತ್ತು" ಅಂದರು. ಮಧ್ಯಾಹ್ನ ಎರಡು ಗಂಟೆಯೊಳಗೆ ಹೋಗಿ, ಆಮೇಲೆ ರೊಟ್ಟಿ ಖಾಲಿ.