ಕರೆಂಟು, ಟವರು, ಬಚ್ಚಲು: ಲಾಕ್‌ಡೌನಿನಲ್ಲಿ ತೋಟದ ಮನೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಮನೆಗಳನ್ನು ಹಿರಿಯರು ಕಟ್ಟಿದ್ದು ನೀರು ನೋಡಿಕೊಂಡು. ಎರಡು ಗುಡ್ಡದ ನಡುವೆ ತೋಟ, ತೋಟದ ತಲೆಯಲ್ಲಿ ಮನೆ. ನೀರಿಗೆ ಒಳ್ಳೆಯ ಜಾಗವೇ ಮೊಬೈಲ್ ಸಿಗ್ನಲ್ಲಿಗೆ ಕೆಟ್ಟ ಜಾಗ. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾದಾಗ ಬೆಂಗಳೂರಿನಿಂದ ಬಂದವರ ಕಚೇರಿಯೂ ಮಕ್ಕಳ ಶಾಲೆಯೂ ಇಂಥ ಮನೆಯೊಳಗೇ ಸೇರಿಕೊಂಡವು. ಮರುವರ್ಷ ಕೊರೊನಾದ ಎರಡನೇ ಅಲೆಯಲ್ಲಿ ಒಂದು ಕೋಣೆ ವಾರ್ಡೂ ಆಯಿತು. ಆ ದಿನಗಳಲ್ಲಿ ಕೆಲಸ ಕೆಟ್ಟಿದ್ದಕ್ಕೆ ದೊಡ್ಡ ಕಾರಣ ಎಲ್ಲಿ ತಪ್ಪಿದೆ ಎಂದು ತಿಳಿಯದೇ ಇದ್ದದ್ದು. ಟವರು ಸತ್ತಿರುವಾಗ ಮನೆಯ ವೈಫೈ ಪೆಟ್ಟಿಗೆಯನ್ನು ಹತ್ತು ಸಲ ಆರಿಸಿ ಹೊತ್ತಿಸಿದರೆ ಬರುವುದೇನೂ ಇಲ್ಲ. ಹಾಗಾಗಿ ಮೂಲದಿಂದಲೇ ಹೇಳುತ್ತೇನೆ.

ಮೊದಲು ಕರೆಂಟು. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ಎರಡು ದಿನ ಕತ್ತಲೆ ಎಂದೇ ಲೆಕ್ಕ ಹಾಕಿಕೊಳ್ಳಬೇಕು. ಹೆಚ್ಚಿನ ಮನೆಗಳಲ್ಲಿ ಇರುವುದು 12 ವೋಲ್ಟಿನ, 150 ಆಂಪಿಯರ್-ಅವರ್ ಬ್ಯಾಟರಿ. ಗುಣಿಸಿದರೆ 1800 ವ್ಯಾಟ್-ಅವರ್. ಇನ್ವರ್ಟರಿನಲ್ಲಿ ಐದರಲ್ಲಿ ಒಂದು ಪಾಲು ಸೋರುತ್ತದೆ. ಬ್ಯಾಟರಿ ಬೇಗ ಹಾಳಾಗಬಾರದು ಎಂದರೆ ಉಳಿದಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಬಳಸಬಾರದು. ಕೈಗೆ ಸಿಗುವುದು 700 ಚಿಲ್ಲರೆ. ಲ್ಯಾಪ್‌ಟಾಪು 50 ವ್ಯಾಟ್, ವೈಫೈ ಪೆಟ್ಟಿಗೆ 12, ಒಂದು ಎಲ್‌ಇಡಿ ಬಲ್ಬು 9. ಇಷ್ಟೇ ಇದ್ದರೆ ಒಂಬತ್ತು ತಾಸಿನ ಮೇಲೆ ಬರುತ್ತದೆ. 75 ವ್ಯಾಟಿನ ಒಂದು ಫ್ಯಾನು ಸೇರಿದರೆ ಅದು ಅರ್ಧಕ್ಕೆ ಇಳಿಯುತ್ತದೆ. ಮೂರ್ನಾಲ್ಕು ವರ್ಷದ ಹಳೆ ಬ್ಯಾಟರಿಯಾದರೆ ಇನ್ನೂ ಕಡಿಮೆ. ಅಡುಗೆಮನೆಯ ಮಿಕ್ಸಿ ಪಾಯಿಂಟು ಇನ್ವರ್ಟರ್ ಲೈನಿನಲ್ಲಿದ್ದರೆ ಅದನ್ನು ಮೊದಲೇ ಬಿಡಿಸಿ ಹಾಕಿಸಬೇಕು. ಚಟ್ನಿಗೆ ಕಾಯಿ ರುಬ್ಬಿದ ಎರಡು ನಿಮಿಷದಲ್ಲಿ ಇನ್ವರ್ಟರು ಓವರ್‌ಲೋಡಿಗೆ ನಿಂತುಬಿಟ್ಟರೆ ಮೀಟಿಂಗೂ ನಿಂತಿತು.

ಬಹಳ ಮನೆಗಳಲ್ಲಿ ಕಣ್ಣಿಗೆ ಬೀಳದ ಒಂದು ಸಣ್ಣ ಸ್ವಿಚ್ಚಿದೆ. ಇನ್ವರ್ಟರಿನ ಹಿಂಭಾಗದಲ್ಲೋ ಪಕ್ಕದಲ್ಲೋ ಇರುತ್ತದೆ, ಒಂದು ಕಡೆ 'ಯುಪಿಎಸ್', ಇನ್ನೊಂದು ಕಡೆ 'ನಾರ್ಮಲ್'. ಯುಪಿಎಸ್ ಕಡೆ ಇಟ್ಟರೆ ಇನ್ವರ್ಟರು ಸುಮಾರು 180 ವೋಲ್ಟಿಗಿಂತ ಕೆಳಗಿನ ಕರೆಂಟನ್ನು ಕರೆಂಟೇ ಅಲ್ಲ ಎಂದು ತಿಳಿಯುತ್ತದೆ. ಟ್ರಾನ್ಸ್‌ಫಾರ್ಮರಿನಿಂದ ದೂರದ ಕೊನೇ ಮನೆಗಳಲ್ಲಿ ಸಂಜೆ ಹೊತ್ತು ವೋಲ್ಟೇಜು 160ಕ್ಕೆ ಇಳಿಯುವುದು ಮಾಮೂಲು. ಆಗ ಪಕ್ಕದ ಮನೆಯಲ್ಲಿ ಮಂಕಾಗಿ ದೀಪ ಉರಿಯುತ್ತಿರುತ್ತದೆ, ನಿಮ್ಮ ಮನೆ ಬ್ಯಾಟರಿಯ ಮೇಲೆ ಓಡುತ್ತಿರುತ್ತದೆ. ರಾತ್ರಿಯಿಡೀ ಚಾರ್ಜಾಗಬೇಕಿದ್ದ ಬ್ಯಾಟರಿ ಬೆಳಿಗ್ಗೆಗೆ ಖಾಲಿ. ನಾರ್ಮಲ್ ಕಡೆಗೆ ತಿರುಗಿಸಿದರೆ ಸುಮಾರು 100 ವೋಲ್ಟಿನವರೆಗೂ ಒಪ್ಪಿಕೊಳ್ಳುತ್ತದೆ. ಲ್ಯಾಪ್‌ಟಾಪಿನ ಅಡಾಪ್ಟರು 100ರಿಂದ 240 ವೋಲ್ಟಿಗೆ ಮಾಡಿದ್ದೇ ಆದ್ದರಿಂದ ಅದಕ್ಕೇನೂ ಆಗುವುದಿಲ್ಲ. ಒಂದು ತೊಂದರೆ ಇದೆ: ನಾರ್ಮಲ್‌ನಲ್ಲಿ ಕರೆಂಟು ಬದಲಾಗುವಾಗ ಕಣ್ಣು ಮಿಟುಕಿಸಿದಷ್ಟು ಹೊತ್ತು ಹೆಚ್ಚು ಹಿಡಿಯುತ್ತದೆ, ಅಷ್ಟಕ್ಕೇ ವೈಫೈ ಪೆಟ್ಟಿಗೆ ಆರಿ ಮತ್ತೆ ಹೊತ್ತಿಕೊಳ್ಳಲು ಎರಡು ಮೂರು ನಿಮಿಷ ತೆಗೆದುಕೊಳ್ಳುತ್ತದೆ. ಅದಕ್ಕೆ 12 ವೋಲ್ಟಿನ ಮಿನಿ ಯುಪಿಎಸ್ ಹಾಕಿದರೆ ಸಾಕು. ಬ್ಯಾಟರಿಯಿಂದಲೇ ನೇರ ವೈರೆಳೆದು ಪೆಟ್ಟಿಗೆಗೆ ಕೊಡುವ ಉಪಾಯ ಬೇಡ. ಚಾರ್ಜಾಗುವಾಗ ಬ್ಯಾಟರಿ 14 ವೋಲ್ಟು ದಾಟುತ್ತದೆ, ಪೆಟ್ಟಿಗೆ ಸುಡಬಹುದು.

ಮನೆಯಲ್ಲಿ ಕರೆಂಟಿದ್ದ ಮಾತ್ರಕ್ಕೆ ಆಗಲಿಲ್ಲ. ಗುಡ್ಡದ ಮೇಲಿನ ಟವರಿಗೂ ಅದೇ ಲೈನಿನ ಕರೆಂಟು. ಅದರ ಬ್ಯಾಟರಿ ಕೆಲವು ತಾಸು ತಡೆದು ಸಾಯುತ್ತದೆ. ಹಾಗಾಗಿ ಕರೆಂಟು ಹೋದ ಮೊದಲ ತಾಸು ಬೆಲೆಯುಳ್ಳದ್ದು. ಕಳಿಸಬೇಕಾದ ಕಡತ ಆಗಲೇ ಕಳಿಸಿ, ಮಕ್ಕಳ ಪಾಠ ಆಗಲೇ ಇಳಿಸಿಕೊಳ್ಳಿ, ಮೇಲಿನವರಿಗೆ 'ಮಧ್ಯಾಹ್ನದ ಮೇಲೆ ಸಿಗದೇ ಇರಬಹುದು' ಎಂದು ಒಂದು ಸಾಲು ಹಾಕಿಬಿಡಿ. ಆಮೇಲೆ ಗುರುತು ಹಿಡಿಯುವುದು ಹೀಗೆ. ಫೋನು ಹೋಗುತ್ತದೆ, ಇಂಟರ್ನೆಟ್ ಬರುವುದಿಲ್ಲ ಎಂದಾದರೆ ಟವರು ಬದುಕಿದೆ. ಒಂದೇ ಹೊತ್ತಿಗೆ ಬಳಸುವವರು ಹೆಚ್ಚಿರಬಹುದು. ಫೋನೂ ಹೋಗದಿದ್ದರೆ ಟವರೇ ಇಲ್ಲ, ಗುಡ್ಡ ಹತ್ತಿ ಬೇರೆ ಟವರಿನ ದಿಕ್ಕು ನೋಡಬೇಕು. ಮನೆಗೆ ಫೈಬರ್ ಬಂದಿದ್ದರೆ ಪೆಟ್ಟಿಗೆಯ ಕೆಂಪು ದೀಪ ನೋಡಿ. 'ಲಾಸ್' ಎಂಬಲ್ಲಿ ಕೆಂಪು ಮಿನುಗಿದರೆ ಬೆಳಕು ಬರುತ್ತಿಲ್ಲ ಎಂದರ್ಥ, ಮನೆಯೊಳಗೆ ಏನು ಮಾಡಿದರೂ ಪ್ರಯೋಜನವಿಲ್ಲ. ಆದರೆ ಆಪರೇಟರಿಗೆ ಫೋನು ಮಾಡುವ ಮುಂಚೆ ಬಾಗಿಲ ಚೌಕಟ್ಟಿನ ಹತ್ತಿರ ಕೇಬಲ್ ಚೂಪಾಗಿ ಮಡಚಿದೆಯೇ, ಅಟ್ಟದಲ್ಲಿ ಇಲಿ ಕಡಿದಿದೆಯೇ ಎಂದು ಕೈಯಾಡಿಸಿ ನೋಡಿ. ಈ ಕೇಬಲನ್ನು ಅಂಗೈ ಅಗಲಕ್ಕಿಂತ ಸಣ್ಣದಾಗಿ ಸುತ್ತಬಾರದು.

ಮಣ್ಣಿನ ಗೋಡೆ, ಚಿರೇಕಲ್ಲಿನ ಗೋಡೆ ದಪ್ಪ. ವೈಫೈಯನ್ನು 5 ಗಿಗಾಹರ್ಟ್ಸಿನಲ್ಲಿ ಇಟ್ಟರೆ ಜಗಲಿಯಿಂದ ನಡುಮನೆಗೆ ಬರುವುದಿಲ್ಲ, 2.4ಕ್ಕೆ ಹಾಕಿಕೊಳ್ಳಬೇಕು. ಮೊಬೈಲ್ ಹಾಟ್‌ಸ್ಪಾಟೇ ಗತಿ ಎಂದಾದರೆ ಆ ಫೋನನ್ನು ಮೆತ್ತಿನ (ಮಹಡಿಯ) ಕಿಟಕಿಯಲ್ಲಿ ಚಾರ್ಜಿಗೆ ಹಾಕಿಟ್ಟು ನೀವು ಕೆಳಗೆ ಕೂರಿ. ಸಿಗ್ನಲ್ ಬೇಕಾದದ್ದು ಫೋನಿಗೆ.

ಸಿಡಿಲಿನ ವಿಷಯ ಚಿಕ್ಕದಲ್ಲ. ಏಪ್ರಿಲ್-ಮೇಯ ಸಂಜೆಯ ಗುಡುಗಿಗೆ ಎಷ್ಟೋ ಮೋಡೆಮ್ಮುಗಳು ಹೋದವು, ಲಾಕ್‌ಡೌನಿನಲ್ಲಿ ಹೊಸದು ಸಿಗಲಿಲ್ಲ. ಪ್ಲಗ್ಗು ಕಿತ್ತರೂ ಸುಟ್ಟಿತು ಎನ್ನುವವರ ಮನೆಯಲ್ಲಿ ಹಳೆಯ ತಾಮ್ರದ ಟೆಲಿಫೋನ್ ತಂತಿ ಹಾಗೇ ಸಿಕ್ಕಿಸಿರುತ್ತದೆ. ಸಿಡಿಲು ಒಳಗೆ ಬರುವುದು ಅದರಲ್ಲಿ. ಎರಡನ್ನೂ ಕಿತ್ತಿಡಬೇಕು. ಫೈಬರಿನಲ್ಲಿ ಸಿಡಿಲು ಹರಿಯುವುದಿಲ್ಲ, ಅಡಾಪ್ಟರಿನಲ್ಲಿ ಹರಿಯುತ್ತದೆ.

ಮಕ್ಕಳ ಪಾಠದ ಲೆಕ್ಕ ದಿನದ ಡೇಟಾದ ಲೆಕ್ಕ. ವಿಡಿಯೋ ಮೀಟಿಂಗು ತಾಸಿಗೆ ಸುಲಭವಾಗಿ ಅರ್ಧದಿಂದ ಒಂದು ಜಿಬಿ ತಿನ್ನುತ್ತದೆ. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕಿನಲ್ಲಿ ಮೂರನೇ ಪೀರಿಯಡ್ಡಿಗೆ ಡೇಟಾ ಮುಗಿಯುತ್ತದೆ, ಮಗು ತನ್ನದೇ ತಪ್ಪೆಂದು ಅಳುತ್ತ ಕೂರುತ್ತದೆ. ಮಗುವಿನ ಕಡೆಯ ವಿಡಿಯೋ ಆರಿಸಿ, ಬರುವ ವಿಡಿಯೋವನ್ನೂ ನಿಲ್ಲಿಸಿ ಧ್ವನಿ ಮಾತ್ರ ಇಟ್ಟರೆ ತಾಸಿಗೆ ನೂರು ಎಂಬಿಯೂ ಬೇಡ. ಹಲಗೆಯ ಮೇಲೆ ಬರೆದದ್ದನ್ನು ಶಿಕ್ಷಕರು ಆಮೇಲೆ ಫೋಟೋ ಹಾಕಿದರೆ ಆಯಿತು. ಕೇಳಿದರೆ ಹಾಕುತ್ತಾರೆ, ಕೇಳುವುದಕ್ಕೆ ಸಂಕೋಚ ಬೇಡ. ಒಂದು ಫೋನು, ಇಬ್ಬರು ಮಕ್ಕಳು ಎಂದಾದರೆ ನೇರ ಪಾಠ ದೊಡ್ಡ ತರಗತಿಯವರಿಗೆ, ರೆಕಾರ್ಡಾದದ್ದು ಚಿಕ್ಕವರಿಗೆ. ಚಂದನ ವಾಹಿನಿಯಲ್ಲಿ ಪಾಠ ಬರುತ್ತಿದ್ದ ದಿನಗಳಲ್ಲಿ ಡಿಶ್ ಇದ್ದ ಮನೆಯವರು ಪಕ್ಕದ ಮನೆಯ ಮಕ್ಕಳನ್ನು ಜಗಲಿಯಲ್ಲಿ ದೂರ ದೂರ ಕೂರಿಸಿ ತೋರಿಸಿದ್ದು ಈ ನೆಟ್‌ವರ್ಕಿನ ಗೋಳಿಗಿಂತ ಎಷ್ಟೋ ಮೇಲು. ಗುಡ್ಡದ ಮೇಲೆ ಪ್ಲಾಸ್ಟಿಕ್ ಹೊದೆಸಿದ ಗುಡಿಸಲಿನಲ್ಲಿ ಮಕ್ಕಳು ಕೂತು ಓದಿದ್ದನ್ನು ಸಾಹಸ ಎಂದು ಹೊಗಳಿದರು. ಮಳೆಯಲ್ಲಿ, ಉಂಬಳದ ನಡುವೆ, ಹೆಣ್ಣುಮಕ್ಕಳನ್ನು ಒಬ್ಬೊಬ್ಬರನ್ನೇ ಕಳಿಸಲು ಹೆದರಿ ಅಜ್ಜಿಯೋ ಆಯಿಯೋ (ತಾಯಿ) ಜೊತೆಗೆ ಕಾದು ಕೂರಬೇಕಾಗಿತ್ತು. ಹೊಗಳುವ ಸಂಗತಿಯಲ್ಲ ಅದು.

ಕರಾವಳಿಗೆ ಈ ಲೆಕ್ಕಗಳು ಸಲ್ಲುವುದಿಲ್ಲ. ಮಾಜಾಳಿಯ ಗಡಿ ಮುಚ್ಚಿದ ಮೇಲೆ ಕಾರವಾರದಿಂದ ದಿನಾ ಗೋವಾಕ್ಕೆ ಕೆಲಸಕ್ಕೆ ಹೋಗುವವರಿಗೆ ಮನೆಯಿಂದ ಮಾಡುವ ಕೆಲಸ ಎಂಬುದೇ ಇರಲಿಲ್ಲ. ಮೀನುಗಾರರಿಗೆ 2020ರಲ್ಲಿ ಮಳೆಗಾಲದ ಮೀನುಗಾರಿಕೆ ನಿಷೇಧವನ್ನು ಜೂನ್ 1ರ ಬದಲು 15ರಿಂದ ಶುರು ಮಾಡಿ ಎರಡು ವಾರ ಕೊಟ್ಟರು. ಏಪ್ರಿಲಿನಲ್ಲಿ ದಡದಲ್ಲೇ ಕಳೆದ ದಿನಗಳಿಗೆ ಅದು ಸಾಟಿಯಾಗಲಿಲ್ಲ.

ತೋಟಕ್ಕೆ ಲಾಕ್‌ಡೌನಿಲ್ಲ. 2021ರಲ್ಲಿ ನಿರ್ಬಂಧ ಜೂನ್ 14ರವರೆಗೆ ಇತ್ತು, ಅಡಿಕೆಗೆ ಕೊಳೆರೋಗದ ಮೊದಲ ಮದ್ದು (ಬೋರ್ಡೋ ದ್ರಾವಣ) ಹೊಡೆಯುವುದೂ ಮಳೆ ಹಿಡಿಯುವ ಮುಂಚಿನ ಅದೇ ದಿನಗಳಲ್ಲಿ. ಆಗ ಅಂಗಡಿ ಬೆಳಿಗ್ಗೆ 6ರಿಂದ 10 ಮಾತ್ರ, ಬಸ್ಸಿರಲಿಲ್ಲ. ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ಮೇ ಮೊದಲ ವಾರವೇ ಮನೆಯಲ್ಲಿರಬೇಕಿತ್ತು. 100 ಲೀಟರ್ ನೀರಿಗೆ ಒಂದೊಂದು ಕಿಲೋ. ಅರ್ಧ ನೀರಿನಲ್ಲಿ ಮೈಲುತುತ್ತ, ಇನ್ನರ್ಧದಲ್ಲಿ ಸುಣ್ಣ, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ. ತುತ್ತದ ನೀರನ್ನು ಸುಣ್ಣದ ನೀರಿಗೆ ಕದಡುತ್ತ ಹೊಯ್ಯಬೇಕು, ಉಲ್ಟಾ ಅಲ್ಲ. ತಿಕ್ಕಿದ ಕತ್ತಿ ಅದ್ದಿ ತೆಗೆದಾಗ ತಾಮ್ರದ ಬಣ್ಣ ಹಿಡಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಅಂದು ಕಲಸಿದ್ದು ಅಂದೇ ಮುಗಿಯಬೇಕು. ಮರ ಹತ್ತುವವರು ಸಿಗುವ ದಿನ, ಮಳೆ ಬಿಡುವ ಹೊತ್ತು ನಮ್ಮ ಕೈಯಲ್ಲಿಲ್ಲ. ಲ್ಯಾಪ್‌ಟಾಪಿನ ಮುಂದಿರುವವರು ಇದನ್ನು ಕಚೇರಿಗೆ ಮೊದಲೇ ಹೇಳಿ, ಆ ವಾರ ಎರಡು ಅರ್ಧ ದಿನ ಖಾಲಿ ಇಟ್ಟುಕೊಳ್ಳುವುದು ಮರ್ಯಾದೆ. ಮನೆಯವರೂ ಹಾಗೆಯೇ: ಕೂತು ಕೆಲಸ ಮಾಡುವವರು ಖಾಲಿ ಕೂತವರಲ್ಲ. ಎರಡರ ಭಾರವೂ ಕೊನೆಗೆ ಬೀಳುವುದು ಅಡುಗೆಮನೆಗೆ. ಮೀಟಿಂಗಿಗೆ ಒಂದು ಚಾ, ಪಾಠ ಮುಗಿದವರಿಗೆ ಒಂದು, ತೋಟದಿಂದ ಬಂದವರಿಗೆ ಒಂದು. ಊಟಕ್ಕೆ ಒಂದೇ ಹೊತ್ತು ಎಂದು ಗೋಡೆಯ ಮೇಲೆ ಬರೆದು, ಚಾ ಒಮ್ಮೆ ಮಾಡಿ ಥರ್ಮಾಸಿಗೆ ಹಾಕಿ, ತಟ್ಟೆ ಅವರವರೇ ತೊಳೆದರೆ ಆಯಿ ಮಧ್ಯಾಹ್ನ ಅರ್ಧ ತಾಸು ಬೆನ್ನು ಚಾಚಬಹುದು. ಬೇರೆ ಯಾವ ವ್ಯವಸ್ಥೆಗಿಂತ ಇದು ಮೊದಲು ಆಗಬೇಕು.

ಇನ್ನು ಮನೆಯಲ್ಲೇ ಒಬ್ಬರನ್ನು ಬೇರೆ ಇಡುವ ವಿಷಯ. ಮೆತ್ತು ಖಾಲಿ ಇದೆ ಎಂದು ರೋಗಿಯನ್ನು ಅಲ್ಲಿ ಹತ್ತಿಸಬೇಡಿ. ಸುಸ್ತಾದವರಿಗೆ ರಾತ್ರಿ ಕಡಿದಾದ ಏಣಿಮೆಟ್ಟಿಲು ಇಳಿದು ಬಚ್ಚಲಿಗೆ ಹೋಗುವುದೇ ಅಪಾಯ, ಒಲೆಯ ಹೊಗೆಯೂ ಅಲ್ಲಿಗೇ ಏರುತ್ತದೆ. ಹೊರಗೋಡೆಗೆ ಕಿಟಕಿ ಇರುವ, ಬಚ್ಚಲಿಗೆ ಹತ್ತಿರದ ಕೋಣೆ ಒಳ್ಳೆಯದು. ಮಳೆ ಎರಚಲು ಹೊಡೆಯುತ್ತದೆಂದು ಎಲ್ಲ ಕಿಟಕಿ ಮುಚ್ಚಿಬಿಡುವುದೇ ನಮ್ಮಲ್ಲಿ ಆಗುವ ತಪ್ಪು. ಗಾಳಿಗೆ ಬೆನ್ನಾದ ಕಡೆಯದನ್ನು ತೆರೆದಿಡಿ, ಮನೆಯೊಳಗಿನ ಬಾಗಿಲು ಮುಚ್ಚಿರಲಿ. ಒಂದೇ ಬಚ್ಚಲಿದ್ದರೆ ಸ್ನಾನಕ್ಕೆ ರೋಗಿ ಕೊನೆಯವರು. ಅವರು ಹೊರಬಂದ ಮೇಲೆ ಕಿಟಕಿ ತೆರೆದು ಅರ್ಧ ತಾಸು ಬಿಟ್ಟು, ಒಂದು ಲೀಟರ್ ನೀರಿಗೆ 30 ಗ್ರಾಂ ಬ್ಲೀಚಿಂಗ್ ಪೌಡರ್ ಕದಡಿ ತಿಳಿ ಮಾಡಿ, ನಲ್ಲಿ, ಚಿಲಕ, ತಂಬಿಗೆ, ನೆಲಕ್ಕೆ ಹಾಕಿ ಹತ್ತು ನಿಮಿಷದ ನಂತರ ತೊಳೆಯಿರಿ. ಕಳೆದ ವರ್ಷದ ಪುಡಿ ಮಳೆಗಾಲದ ತೇವಕ್ಕೆ ಸತ್ತಿರುತ್ತದೆ, ಘಾಟು ಬರದಿದ್ದರೆ ಉಪಯೋಗವಿಲ್ಲ. ಆ್ಯಸಿಡ್ಡಿನ ಜೊತೆ ಎಂದೂ ಸೇರಿಸಬಾರದು, ವಿಷದ ಗಾಳಿ ಏಳುತ್ತದೆ. ಪಾತ್ರೆಗೆ ಸೋಪು, ಬಿಸಿನೀರು ಸಾಕು. ಬಟ್ಟೆಯ ಮಾಸ್ಕನ್ನು ಬಚ್ಚಲ ಒಲೆಯ ಮೇಲಿನ ಗಳದಲ್ಲಿ ಒಣಗಿಸಿದರೆ ಹೊಗೆ ಕುಡಿದು ಉಸಿರು ಕಟ್ಟಿಸುತ್ತದೆ. ತಲೆಗೆ ಐದಾರು ಇಟ್ಟುಕೊಂಡು ಇಸ್ತ್ರಿ ಹಾಕುವುದು ಮೇಲು.

ಆಕ್ಸಿಮೀಟರ್ ಹಿಡಿಯುವ ಕ್ರಮ ಸರಿಯಿಲ್ಲದೆ ಮನೆಮಂದಿಯೆಲ್ಲ ಹೆದರಿದ್ದುಂಟು. ತಣ್ಣೀರಿನಲ್ಲಿ ಕೈ ತೊಳೆದು ಬಂದ ಬೆರಳಿಗೆ ಹಾಕಿದರೆ ಅಂಕಿ ಸುಳ್ಳು ಬರುತ್ತದೆ. ಐದು ನಿಮಿಷ ಸುಮ್ಮನೆ ಕೂತು, ಕೈ ಉಜ್ಜಿ ಬೆಚ್ಚಗೆ ಮಾಡಿ, ಮದರಂಗಿ, ಬಣ್ಣ ಇಲ್ಲದ ತೋರುಬೆರಳಿಗೋ ನಡುಬೆರಳಿಗೋ ಸಿಕ್ಕಿಸಿ, ಕೈಯನ್ನು ಎದೆಯ ಮಟ್ಟದಲ್ಲಿಟ್ಟು ಒಂದು ನಿಮಿಷ ಕಾಯಬೇಕು. ಅಲ್ಲಾಡದೆ ನಿಂತ ಅಂಕಿಯನ್ನು ಬರೆಯಿರಿ. ಪರದೆಯಲ್ಲಿ ಎರಡು ಅಂಕಿ ಇರುತ್ತವೆ, ಒಂದು ಆಮ್ಲಜನಕ, ಇನ್ನೊಂದು ನಾಡಿ. ನಾಡಿ 78 ಇರುವುದನ್ನು ನೋಡಿ ಡಾಕ್ಟರಿಗೆ 'ಆಕ್ಸಿಜನ್ 78' ಎಂದರೆ ಗಾಬರಿ ಎರಡೂ ಕಡೆ. ಕೂತಾಗ ಸರಿಯಿದ್ದರೂ ಜಗಲಿಯ ಮೇಲೆ ಆರು ನಿಮಿಷ ನಡೆಸಿ ನೋಡಬೇಕು, ಅರವತ್ತು ದಾಟಿದವರಿಗೆ ಮೂರು ನಿಮಿಷ ಸಾಕು. ನಡೆದ ಮೇಲೆ ಮೂರು ಅಂಕಿ ಇಳಿದರೆ, 94ರ ಕೆಳಗೆ ಹೋದರೆ, ಮಾತಾಡುವಾಗ ಏದುಸಿರು ಬಂದರೆ ಕಾಯುವ ಹೊತ್ತಲ್ಲ. ಮೊದಲೇ ಕಡಿಮೆ ಇದ್ದವರನ್ನು ನಡೆಸಬಾರದು.

ಇಲ್ಲಿ ಕಾಯಬಾರದು ಎನ್ನುವುದಕ್ಕೆ ಆಸ್ಪತ್ರೆಯ ದಾರಿಯೇ ಕಾರಣ. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿ.ಮೀ., ಕಾರವಾರಕ್ಕೆ ದೇವಿಮನೆ ಘಟ್ಟ ಇಳಿದು ಕುಮಟಾ ಮೇಲಿಂದ ಇನ್ನೂ ದೂರ. ಮನೆಯಿಂದ ಡಾಂಬರು ರಸ್ತೆಗೇ ಎರಡು ಮೈಲಿ ಇರುವವರಿದ್ದಾರೆ. ಪೇಟೆಯಲ್ಲಿದ್ದವರು 94ರ ಕೆಳಗೆ ಹೋದ ಕೂಡಲೇ ಹೊರಟರೆ ನಡೆದೀತು, ನಮ್ಮ ಕಡೆಯವರು ಅಂಕಿ ಇಳಿಯಲು ಶುರುವಾದಾಗಲೇ ಫೋನು ಮಾಡಬೇಕು. ಯಾರ ವಾಹನ, ಓಡಿಸುವವರು ಯಾರು, ಟವರಿಲ್ಲದ ರಾತ್ರಿ 108ಕ್ಕೆ ಯಾವ ದಿಬ್ಬದಿಂದ ಫೋನು ಹೋಗುತ್ತದೆ, ಇಷ್ಟನ್ನು ಜ್ವರ ಬಂದ ದಿನವೇ ಬರೆದು ಬಾಗಿಲ ಹಿಂದೆ ಅಂಟಿಸಿ. ವಾಹನ ಬರುವವರೆಗೆ, ಬಸುರಿಯಲ್ಲದವರನ್ನು ಬೋರಲು ಮಲಗಿಸಿದರೆ ಉಸಿರು ಸ್ವಲ್ಪ ಸಲೀಸಾಗುತ್ತದೆ. ಊಟವಾಗಿ ಒಂದು ತಾಸಾದರೂ ಆಗಿರಬೇಕು. ಆಮ್ಲಜನಕ ಸರಿಯಿರುವವರಿಗೆ ಸ್ಟೀರಾಯ್ಡ್ ಮಾತ್ರೆಯಿಂದ ಲಾಭವಿಲ್ಲ ಎಂದು 2020ರಲ್ಲೇ ಗೊತ್ತಾಗಿತ್ತು. ಪಕ್ಕದ ಮನೆಯವರ ಚೀಟಿ ತೋರಿಸಿ ಅದನ್ನು ತರಿಸಬೇಡಿ.

ಎಲ್ಲ ಮುಗಿದು ಕೋಣೆ ಖಾಲಿಯಾದ ಮೇಲೆ ಹಾಸಿಗೆ ಬಿಸಿಲಿಗೆ ಹಾಕಿ, ಅಂಕಿ ಬರೆದ ಹಾಳೆಯನ್ನು ರೇಷನ್ ಕಾರ್ಡಿನ ಜೊತೆ ಇಡಿ, ಮುಂದಿನ ಸಲ ಡಾಕ್ಟರು ಕೇಳುತ್ತಾರೆ. ಆಕ್ಸಿಮೀಟರಿನೊಳಗಿನ ಎರಡು ಸಣ್ಣ ಸೆಲ್ಲು ತೆಗೆದು ಬೇರೆ ಡಬ್ಬಿಗೆ ಹಾಕಿ. ಒಳಗೇ ಬಿಟ್ಟರೆ ಆಷಾಢದ ತೇವಕ್ಕೆ ಸೋರಿ, ಬೇಕಾದ ದಿನ ಹೊತ್ತಿಕೊಳ್ಳುವುದಿಲ್ಲ.