ಕಾಗದದಲ್ಲಿ ಅರಳಿದ ಸೀತಾಳೆ ದಂಡೆ

ನನಗೆ ಪೇಪರ್ ಕ್ವಿಲ್ಲಿಂಗ್, ಅಂದರೆ ಕಾಗದದ ಪಟ್ಟಿಗಳನ್ನು ಸುರುಳಿ ಸುತ್ತಿ ಹೂವು, ಅಲಂಕಾರ ಮಾಡುವ ಕಲೆ, ಹೇಳಿಕೊಟ್ಟಿದ್ದು ಸಾಗರದಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ. ಆಷಾಢದ ಮಳೆ ಹಿಡಿದಿತ್ತು, ಬೆಳಗ್ಗೆಯಿಂದ ಕರೆಂಟಿಲ್ಲ. ಕಿಟಕಿ ಪಕ್ಕ ಚಾಪೆ ಹಾಕಿ ಕೂತೆವು. ಬೇಕಾಗುವ ಸಾಮಾನು ತುಂಬ ಕಡಿಮೆ. ಬಣ್ಣದ ಕಾಗದದ ಪಟ್ಟಿ, ಫೆವಿಕಾಲ್, ತುದಿ ಸೀಳಿದ ಒಂದು ಕಡ್ಡಿ, ಅಷ್ಟೇ. ಪಟ್ಟಿ 3 ಮಿಲಿಮೀಟರ್ ಅಗಲದ್ದೂ ಸಿಗುತ್ತದೆ. ಆದರೆ ಹೊಸಬರಿಗೆ 5 ಮಿಲಿಮೀಟರಿನದೇ ವಾಸಿ, ಕೈಗೆ ಹಿಡಿತ ಸಿಗುತ್ತದೆ. ಕಡ್ಡಿ ಕೊಳ್ಳಲೇಬೇಕು ಅಂತಿಲ್ಲ. ಊದುಬತ್ತಿ ಕಡ್ಡಿಯ ತುದಿಯನ್ನು ಬ್ಲೇಡಿನಿಂದ ಸೀಳಿಕೊಂಡರೂ ನಡೆಯುತ್ತದೆ.

ಪಟ್ಟಿಯ ತುದಿಯನ್ನು ಆ ಸೀಳಿಗೆ ಸಿಕ್ಕಿಸಿ ಕಡ್ಡಿ ತಿರುಗಿಸುತ್ತಾ ಹೋಗಬೇಕು. ಇಷ್ಟು ಯಾರಿಗಾದರೂ ಬರುತ್ತದೆ. ನಿಜವಾದ ಕೆಲಸ ಇರುವುದು ಸುರುಳಿಯನ್ನು ಕಡ್ಡಿಯಿಂದ ತೆಗೆದ ಮೇಲೆ. ಬೆರಳು ಸಡಿಲಿಸಿದ ಕೂಡಲೇ ಅದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಎಷ್ಟು ಬಿಚ್ಚಲು ಬಿಡಬೇಕು, ಎಲ್ಲಿ ತಡೆದು ಅಂಟು ಹಾಕಬೇಕು, ಎಲ್ಲ ಅದರಲ್ಲೇ ಇದೆ. ಒಂದು ಹೂವಿನ ಎಸಳೆಲ್ಲ ಒಂದೇ ಅಳತೆಗೆ ಬರಬೇಕಲ್ವಾ? ಅದಕ್ಕೆ ಅಕ್ಕ ಔಷಧಿ ಬಾಟಲಿಯ ಮುಚ್ಚಳ ಇಟ್ಟುಕೊಂಡಿದ್ದರು. ಸುರುಳಿಯನ್ನು ಅದರೊಳಗೆ ಬಿಟ್ಟರೆ ಅಂಚು ಮುಟ್ಟುವಷ್ಟು ಅಗಲವಾಗಿ ನಿಲ್ಲುತ್ತದೆ. ಪ್ರತಿ ಸಲವೂ ಅದೇ ಅಳತೆ.

ಮಲೆನಾಡಿನ ಮಳೆಗಾಲಕ್ಕೆ ಇನ್ನೊಂದು ಉಪಾಯವೂ ಬೇಕು. ಕಾಗದ ತೇವ ಹೀರಿದರೆ ಸುರುಳಿ ಪುಟಿಯುವುದಿಲ್ಲ, ಸುಮ್ನೆ ಮಲಗಿಬಿಡುತ್ತದೆ. ಅಕ್ಕ ಪಟ್ಟಿಗಳನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಇಡುತ್ತಾರೆ, ಜೊತೆಗೆ ಬಟ್ಟೆಯಲ್ಲಿ ಕಟ್ಟಿದ ಹುರಿದ ಅಕ್ಕಿ. "ಪಟ್ಟಿ ಗರಿಗರಿ ಇರ್ಬೇಕು ಮಾರಾಯ್ತಿ, ಇಲ್ದಿದ್ರೆ ಹೇಳಿದ ಮಾತು ಕೇಳಲ್ಲ" ಎಂದರು. ಅಂಟು ಕೂಡ ಸೂಜಿ ತುದಿಯಷ್ಟೇ. ಜಾಸ್ತಿಯಾದರೆ ಥಂಡಿಗೆ ಬೇಗ ಒಣಗುವುದೇ ಇಲ್ಲ.

ನಾನು ಆರಿಸಿಕೊಂಡಿದ್ದು ಸೀತಾಳೆ ದಂಡೆ. ಹಲಸಿನ ಮರದ ಮೇಲೆ ಗೊಂಚಲಾಗಿ ಇಳಿಬೀಳುವ ಹೂವು, ಇಲ್ಲಿಯವರಿಗೆ ಗೊತ್ತೇ ಇದೆ. ಬಿಳಿ ಸುರುಳಿಯ ಒಂದು ಕಡೆಯನ್ನು ಎರಡು ಬೆರಳಲ್ಲಿ ಚಿವುಟಿದರೆ ನೀರಿನ ಹನಿಯ ಆಕಾರ ಬರುತ್ತದೆ. ಒಳಗಿನ ಸುತ್ತುಗಳೆಲ್ಲ ಚಿವುಟಿದ ಕಡೆಗೆ ಸರಿದು ಒತ್ತಾಗುತ್ತವೆ, ಇನ್ನೊಂದು ಕಡೆ ಬಿಡಿಬಿಡಿಯಾಗಿ ನಿಲ್ಲುತ್ತವೆ. ಎಸಳಿಗೆ ಗೆರೆ ಬರೆದ ಹಾಗೆಯೇ ಕಾಣುತ್ತದೆ. ಅಂಥ ಐದು ಹನಿ ಸೇರಿಸಿ, ನಡುವೆ ನೇರಳೆ ಬಣ್ಣದ ಬಿಗಿ ಸುರುಳಿ ಅಂಟಿಸಿದರೆ ಒಂದು ಹೂವು.

ಯುರೋಪಿನ ಕ್ರೈಸ್ತ ಮಠಗಳ ಸನ್ಯಾಸಿನಿಯರು ಚಿನ್ನದಂಚಿನ ಪುಸ್ತಕಗಳಿಂದ ಕತ್ತರಿಸಿ ಉಳಿದ ಕಾಗದದ ಚೂರನ್ನು ಹಕ್ಕಿ ಗರಿಯ ದಂಟಿಗೆ ಸುತ್ತಿ ಅಲಂಕಾರ ಮಾಡುತ್ತಿದ್ದರಂತೆ. ಅಕ್ಕ ಅದನ್ನು ಹೇಳಿದಾಗ ನನಗೆ ನಮ್ಮೂರಿನ ಗುಡಿಗಾರರು ನೆನಪಾದರು. ಗಂಧದ ಕೆತ್ತನೆಗೆ ಹೆಸರಾದ ಅವರು ಬೆಂಡಿನಲ್ಲಿ ಮದುವೆಯ ಬಾಸಿಂಗವನ್ನೂ ಮಾಡುತ್ತಾರೆ. ತೂಕವೇ ಇಲ್ಲದ ವಸ್ತುವಿನಲ್ಲಿ ಎಷ್ಟು ನಾಜೂಕು! ಅದನ್ನು ನೋಡುತ್ತಾ ಬೆಳೆದ ನನಗೆ ಕಾಗದದ ಕೆಲಸ ಪರದೇಶದ್ದು ಅನ್ನಿಸಲೇ ಇಲ್ಲ.

ಸಂಜೆ ಹೊತ್ತಿಗೆ ಅರ್ಧ ಗೊಂಚಲು ಆಗಿತ್ತು. ಜುಮುಕಿಯನ್ನೂ ಕಲಿಸಿ ಎಂದು ಕೇಳಿದೆ. ಬಿಗಿ ಸುರುಳಿಯನ್ನು ಹೆಬ್ಬೆರಳಿಂದ ಮೆಲ್ಲಗೆ ಒತ್ತಿ ಗುಮ್ಮಟ ಮಾಡಿ, ಒಳಗೆಲ್ಲ ಅಂಟು ಸವರಿ, ಒಣಗಿದ ಮೇಲೆ ವಾರ್ನಿಶ್ ಹಚ್ಚಬೇಕಂತೆ. "ದೀಪಾವಳಿ ಕಳೀಲಿ, ಬಿಸಿಲು ಬರ್ಲಿ" ಎಂದರು ಅಕ್ಕ.